ಹೂಂ ಅನ್ನಬೇಕಿಲ್ಲ, ಬೇಡ ಅನ್ನದಿದ್ದರೆ ಸಾಕು: ಫ್ರಾನ್ಸ್ ರಾಜಕೀಯದ ಪದಗಳನ್ನು ಓದುವುದು ಹೇಗೆ?

2024ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಪ್ರಧಾನಿ ಮಿಶೆಲ್ ಬಾರ್ನಿಯೆ ಸರ್ಕಾರ ಬಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸುವಾ ಬೈರು ಸರ್ಕಾರ ಬಿತ್ತು. ಆಮೇಲೆ ಬಂದ ಸೆಬಾಸ್ಟಿಯಾಂ ಲೆಕೊರ್ನ್ಯು ಅಕ್ಟೋಬರ್ 5ರ ಸಂಜೆ ಮಂತ್ರಿಗಳ ಪಟ್ಟಿ ಪ್ರಕಟಿಸಿದರು, 6ರ ಬೆಳಗ್ಗೆ ರಾಜೀನಾಮೆ ಕೊಟ್ಟರು. 10ನೇ ತಾರೀಕು ಅದೇ ಲೆಕೊರ್ನ್ಯು ಮತ್ತೆ ಪ್ರಧಾನಿಯಾದರು.

ಈ ಸುದ್ದಿಗಳು ನಮ್ಮಲ್ಲೂ ಬಂದವು. ಆದರೆ ಬಹುಪಾಲು ಇಂಗ್ಲಿಷ್ ಏಜೆನ್ಸಿಗಳ ಮೂಲಕವೇ ಬಂದವು. ಅವುಗಳಲ್ಲಿ ಎಲಿಜೆ, ಮತಿನ್ಯೊಂ, 49.3, ಸಾಂಸ್ಯೂರ್, ಕೊಆಬಿತಾಸಿಯೊಂ ಅಂತ ಒಂದರ ಹಿಂದೊಂದು ಪದ ಬರುತ್ತದೆ. ಇಂಗ್ಲಿಷ್ ಓದುಗರಿಗೇ ಇವು ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ನಮ್ಮ ಕೈಗೆ ಬರುವಾಗ ಇನ್ನಷ್ಟು ಮಸುಕಾಗಿರುತ್ತವೆ. ಕೊನೆಗೆ ಓದುಗರಲ್ಲಿ ಉಳಿಯುವುದು 'ಅಲ್ಲೂ ಗಲಾಟೆ ನಡೀತಿದೆ' ಅನ್ನುವ ಭಾವನೆ ಮಾತ್ರ. ಪರಮಾಣು ಅಸ್ತ್ರ ಇರುವ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ಇರುವ, ನಮಗೆ ರಫೇಲ್ ಯುದ್ಧವಿಮಾನ ಮಾರುವ ದೇಶದ ವಿಚಾರ ಇದು. ಅಷ್ಟಕ್ಕೇ ಬಿಟ್ಟುಬಿಡುವಂಥದ್ದಲ್ಲ.

ಈ ಪದಗಳಿಗೆ ಒಂದೊಂದಾಗಿ ಅರ್ಥ ಬರೆಯುತ್ತಾ ಹೋದರೆ ಪ್ರಯೋಜನ ಕಡಿಮೆ. ಇವೆಲ್ಲದರ ಹಿಂದೆ ಒಂದೇ ನಿಯಮ ಇದೆ. ಫ್ರಾನ್ಸ್‌ನಲ್ಲಿ ಸರ್ಕಾರ ನಡೆಯಲು ಸಂಸತ್ತು 'ಹೂಂ' ಅನ್ನಬೇಕಿಲ್ಲ. 'ಬೇಡ' ಅನ್ನದೇ ಇದ್ದರೆ ಸಾಕು. ಇದೊಂದು ತಲೆಯಲ್ಲಿ ಕೂತರೆ ಮಿಕ್ಕ ಪದಗಳೆಲ್ಲ ತಾವಾಗೇ ಬಿಡಿಸಿಕೊಳ್ಳುತ್ತವೆ.

ಮೊದಲು ಕಟ್ಟಡಗಳ ಹೆಸರು ನೋಡೋಣ, ಇದು ಸುಲಭ. ವಿಧಾನಸೌಧ ಅಂದರೆ ನಾವು ಸರ್ಕಾರ ಅಂತ ಅರ್ಥ ಮಾಡಿಕೊಳ್ಳುತ್ತೇವಲ್ಲ, ಫ್ರೆಂಚ್ ಪತ್ರಿಕೆಗಳು ಪ್ರತಿ ಇಲಾಖೆಗೂ ಹಾಗೇ ಮಾಡುತ್ತವೆ. ಎಲಿಜೆ ಅಂದರೆ ಅಧ್ಯಕ್ಷ. ಅದು ಸೆನ್ ನದಿಯ ಬಲದಂಡೆಯಲ್ಲಿರುವ ಅರಮನೆ. ಮತಿನ್ಯೊಂ ಅಂದರೆ ಪ್ರಧಾನಿ. ಅದು ಎಡದಂಡೆಯ ವರೆನ್ ಬೀದಿಯಲ್ಲಿದೆ. ಪಲೆ ಬೂರ್ಬೊಂ ಅಂದರೆ ಕೆಳಮನೆ, ಅಂದರೆ ರಾಷ್ಟ್ರೀಯ ಅಸೆಂಬ್ಲಿ. ಲ್ಯುಕ್ಸಾಂಬೂರ್ ಅಂದರೆ ಮೇಲ್ಮನೆ ಸೆನೆಟ್. ಕೆ ದೋರ್ಸೆ ಅಂದರೆ ವಿದೇಶಾಂಗ ಇಲಾಖೆ, ಬೋವೊ ಅಂದರೆ ಒಳಾಡಳಿತ. ಬೆರ್ಸಿ ಅಂದರೆ ಹಣಕಾಸು ಇಲಾಖೆ. 1989ರವರೆಗೆ ಅದು ಲೂವ್ರ್ ಅರಮನೆಯಲ್ಲಿತ್ತು. ಈಗ ಪ್ಯಾರಿಸ್‌ನ ಪೂರ್ವಕ್ಕೆ, ಒಂದು ತುದಿ ಸೆನ್ ನದಿಯ ನೀರಿಗೇ ಇಳಿದಿರುವ ಉದ್ದನೆಯ ಕಟ್ಟಡದಲ್ಲಿದೆ. 'ಬೆರ್ಸಿ ಒಪ್ಪಲಿಲ್ಲ' ಅಂತ ಎಲ್ಲಾದರೂ ಓದಿದರೆ, ದುಡ್ಡು ಬಿಡುಗಡೆ ಆಗಲಿಲ್ಲ ಅಂತ ತಿಳಿಯಬೇಕು.

ಈಗ ಆ ನಿಯಮದ ಕಡೆ ಬರೋಣ.

1958ರ ಭಯ

ಫ್ರಾನ್ಸ್‌ನಲ್ಲಿ ಗಣರಾಜ್ಯಗಳಿಗೆ ನಂಬರ್ ಇದೆ. ಈಗಿನದು ಐದನೆಯದು. ನಾಲ್ಕನೆಯದು 1946ರಿಂದ 1958ರವರೆಗೆ ಇತ್ತು. ಆ ಹನ್ನೆರಡು ವರ್ಷಗಳಲ್ಲಿ 20ಕ್ಕೂ ಹೆಚ್ಚು ಸರ್ಕಾರಗಳು ಬಂದು ಹೋದವು. ಅಸೆಂಬ್ಲಿಯಲ್ಲಿ ಪಕ್ಷಗಳು ಚೂರುಚೂರಾಗಿದ್ದವು. ಇವತ್ತು ಬೆಂಬಲ ಕೊಟ್ಟವರು ಮುಂದಿನ ತಿಂಗಳು ಹಿಂತೆಗೆಯುತ್ತಿದ್ದರು. ಇಂಡೋಚೈನಾದಲ್ಲಿ ಸೋಲು, ಆಮೇಲೆ ಅಲ್ಜೀರಿಯಾದ ಯುದ್ಧ. 1958ರ ಮೇ ತಿಂಗಳಲ್ಲಿ ಅಲ್ಜಿಯರ್ಸ್‌ನಲ್ಲಿ ಸೇನಾಧಿಕಾರಿಗಳೇ ಪ್ಯಾರಿಸ್‌ಗೆ ತಿರುಗಿ ನಿಂತಾಗ, ನಿವೃತ್ತಿಯಲ್ಲಿದ್ದ ಜನರಲ್ ಡಿ ಗಾಲ್ ಅವರನ್ನು ವಾಪಸ್ ಕರೆತಂದರು. ಅದೇ ವರ್ಷ ಸೆಪ್ಟೆಂಬರ್ 28ರಂದು ಜನಮತಸಂಗ್ರಹ ನಡೆಯಿತು, ಅಕ್ಟೋಬರ್ 4ರಂದು ಹೊಸ ಸಂವಿಧಾನ ಜಾರಿಗೆ ಬಂತು.

ಇದರ ಕರಡು ಬರೆದವರಲ್ಲಿ ಮುಖ್ಯರು ಮಿಶೆಲ್ ದೆಬ್ರೆ. ಅವರ ತಲೆಯಲ್ಲಿದ್ದದ್ದು ಒಂದೇ ಚಿಂತೆ: ಅಸೆಂಬ್ಲಿ ಮತ್ತೆ ಚೂರಾದರೂ ಸರ್ಕಾರ ಬೀಳಬಾರದು. ಹಾಗಾಗಿ ಅವರು ಇಡೀ ಲೆಕ್ಕವನ್ನೇ ತಿರುಗಿಸಿದರು. ಸರ್ಕಾರ ತನಗೆ ಬಹುಮತ ಇದೆ ಅಂತ ತೋರಿಸಬೇಕಾಗಿಲ್ಲ. ಬೀಳಿಸಬೇಕು ಅನ್ನುವವರೇ ತಮಗೆ ಬಹುಮತ ಇದೆ ಅಂತ ತೋರಿಸಬೇಕು.

ಕರ್ನಾಟಕದ ಓದುಗರಿಗೆ ಇದು ಎಷ್ಟು ಬೇರೆ ಅಂತ ಹೇಳಬೇಕಿಲ್ಲ. ಸದನದಲ್ಲೇ ಬಹುಮತ ಸಾಬೀತಾಗಬೇಕು ಅನ್ನುವ 1994ರ ಸುಪ್ರೀಂ ಕೋರ್ಟ್ ತೀರ್ಪಿಗೆ ಹೆಸರು ಬಂದದ್ದೇ ನಮ್ಮ ಎಸ್.ಆರ್. ಬೊಮ್ಮಾಯಿ ಅವರಿಂದ. 2018ರ ಮೇ 17ರಂದು ಪ್ರಮಾಣ ಸ್ವೀಕರಿಸಿದ ಯಡಿಯೂರಪ್ಪ 19ರಂದು ವಿಶ್ವಾಸಮತಕ್ಕೂ ಮುಂಚೆ ರಾಜೀನಾಮೆ ಕೊಟ್ಟರು. 2019ರ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು. 'ಸಂಖ್ಯೆ ಇದೆಯಾ?' ಅನ್ನುವುದು ನಮ್ಮಲ್ಲಿ ಮೊದಲ ಪ್ರಶ್ನೆ. ಫ್ರಾನ್ಸ್‌ನಲ್ಲಿ ಅಧ್ಯಕ್ಷರು ಪ್ರಧಾನಿಯನ್ನು ನೇಮಿಸುತ್ತಾರೆ, ಅಷ್ಟಕ್ಕೆ ಮುಗಿಯಿತು. ಆ ಪ್ರಧಾನಿ ಅಸೆಂಬ್ಲಿಗೆ ಬಂದು ವಿಶ್ವಾಸಮತ ಕೇಳಲೇಬೇಕು ಅಂತ ಕಡ್ಡಾಯ ಇಲ್ಲ. ಬಾರ್ನಿಯೆ ಕೇಳಲಿಲ್ಲ, ಬೈರು ಅಧಿಕಾರಕ್ಕೆ ಬಂದಾಗ ಕೇಳಲಿಲ್ಲ, ಲೆಕೊರ್ನ್ಯು ಕೂಡ ಕೇಳಲಿಲ್ಲ.

ಸಾಂಸ್ಯೂರ್ ಮತದಾನ ಹೇಗೆ ನಡೆಯುತ್ತದೆ?

ಸರ್ಕಾರವನ್ನು ಬೀಳಿಸುವ ಗೊತ್ತುವಳಿಗೆ ಮೊಸಿಯೊಂ ದ ಸಾಂಸ್ಯೂರ್ ಅನ್ನುತ್ತಾರೆ. ನಮ್ಮ ಅವಿಶ್ವಾಸ ಗೊತ್ತುವಳಿಗೆ ಹತ್ತಿರ. ಆದರೆ ನಡೆಯುವ ರೀತಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಅಸೆಂಬ್ಲಿಯಲ್ಲಿ 577 ಸದಸ್ಯರು. ಹತ್ತನೇ ಒಂದು ಭಾಗದಷ್ಟು ಸದಸ್ಯರು ಸಹಿ ಹಾಕಿದರೆ ಗೊತ್ತುವಳಿ ಮಂಡಿಸಬಹುದು. ಮಂಡಿಸಿದ ಮೇಲೆ 48 ಗಂಟೆ ಕಳೆಯುವವರೆಗೆ ಮತಕ್ಕೆ ಹಾಕುವಂತಿಲ್ಲ. ಯಾರೂ ಸಿಟ್ಟಿನ ಭರದಲ್ಲಿ ಮತ ಹಾಕಬಾರದು ಅಂತ ಈ ಅವಧಿ. ಆಮೇಲೆ ಚರ್ಚೆ. ಚರ್ಚೆ ಮುಗಿದ ಮೇಲೆ ಸದಸ್ಯರು ಅರ್ಧವೃತ್ತದ ಸಭಾಂಗಣದಿಂದ ಎದ್ದು ಪಕ್ಕದ ಕೋಣೆಗಳಿಗೆ ಹೋಗಿ ಮತ ಹಾಕುತ್ತಾರೆ. ಹಾಗೆ ಎದ್ದು ಹೋಗುವವರು ಸರ್ಕಾರ ಬೀಳಬೇಕು ಅನ್ನುವವರು ಮಾತ್ರ. ಸರ್ಕಾರದ ಪರ ಇರುವವರಿಗೆ ಮತ ಹಾಕುವ ಕೆಲಸವೇ ಇಲ್ಲ. ಮನಸ್ಸು ಮಾಡದವರು, ಗೈರಾದವರು, ರೈಲು ತಪ್ಪಿಸಿಕೊಂಡವರು, ಎಲ್ಲರೂ ಸರ್ಕಾರದ ಲೆಕ್ಕಕ್ಕೇ ಹೋಗುತ್ತಾರೆ. ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು, ಅಂದರೆ ಎಲ್ಲ ಸೀಟೂ ತುಂಬಿದ್ದಾಗ 289 ಮತ ಬಿದ್ದರೆ ಮಾತ್ರ ಸರ್ಕಾರ ಹೋಗುತ್ತದೆ.

ಇದು ಎಷ್ಟು ಗಟ್ಟಿ ಗೋಡೆ ಅಂದರೆ, 1958ರಿಂದ 2024ರ ನವೆಂಬರ್‌ವರೆಗೆ ಇಂಥ ಗೊತ್ತುವಳಿ ಗೆದ್ದದ್ದು ಒಂದೇ ಸಲ. 1962ರ ಅಕ್ಟೋಬರ್ 5ರಂದು ಪೊಂಪಿದು ಸರ್ಕಾರದ ವಿರುದ್ಧ. ಆಗ ಅಧ್ಯಕ್ಷರಾಗಿದ್ದ ಡಿ ಗಾಲ್ ಅಸೆಂಬ್ಲಿಯನ್ನೇ ವಿಸರ್ಜಿಸಿದರು, ಚುನಾವಣೆ ಗೆದ್ದರು, ಪೊಂಪಿದು ಮತ್ತೆ ಪ್ರಧಾನಿಯಾದರು.

ಈ 'ಬೇಡ'ದ ಲೆಕ್ಕ ಅಸೆಂಬ್ಲಿಗೆ ಮಾತ್ರ ಸೀಮಿತ ಅಲ್ಲ. ಕಾನೂನುಗಳು ಸಂವಿಧಾನಕ್ಕೆ ಸರಿಹೊಂದುತ್ತವಾ ಅಂತ ನೋಡುವ ಕೊನ್ಸೆಯ್ ಕೊನ್ಸ್ತಿತ್ಯುಸಿಯೊನೆಲ್ ಅಂದರೆ ಸಂವಿಧಾನ ಮಂಡಳಿಗೆ ನೇಮಕ ಆಗುವ ಸದಸ್ಯರು 9 ಮಂದಿ, ಅವಧಿ 9 ವರ್ಷ. 2025ರಲ್ಲಿ ಅಧ್ಯಕ್ಷ ಮ್ಯಾಕ್ರಾನ್ ತಮ್ಮ ಹಳೆಯ ಒಡನಾಡಿ ರಿಶಾರ್ ಫೆರಾಂ ಅವರನ್ನು ಅದರ ಮುಖ್ಯಸ್ಥರಾಗಿ ಸೂಚಿಸಿದರು. ಸಂಸತ್ತಿನ ಸಮಿತಿಗಳಲ್ಲಿ ಮತ ನಡೆಯಿತು. ಪರವಾಗಿ ಬಿದ್ದ ಮತಕ್ಕಿಂತ ವಿರುದ್ಧ ಬಿದ್ದದ್ದೇ ಜಾಸ್ತಿ, 39ಕ್ಕೆ 58. ಆದರೂ ಫೆರಾಂ ಗೆದ್ದರು! ಯಾಕೆಂದರೆ ತಡೆಯಲು ಐದರಲ್ಲಿ ಮೂರು ಪಾಲು ಮತ 'ಬೇಡ' ಅನ್ನಬೇಕಿತ್ತು, ಅಂದರೆ 59. ಒಂದು ಮತ ಕಡಿಮೆಯಾಯಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು. ದೇಶದ ಅತಿ ಮುಖ್ಯ ಕುರ್ಚಿಗಳಲ್ಲಿ ಒಂದರಲ್ಲಿ ಕೂರುವವರಿಗೆ ಅರ್ಧದಷ್ಟಾದರೂ ಜನ ಸರಿ ಅನ್ನಬೇಕು ಅಲ್ವಾ?

ಒಂದು ನಂಬರ್ ಬೈಗುಳವಾದ ಕಥೆ

ಸಂವಿಧಾನದ 49ನೇ ವಿಧಿಯ ಮೂರನೇ ಕಂಡಿಕೆ, ಫ್ರೆಂಚರ ಬಾಯಲ್ಲಿ ಕರಾಂತ್-ನೆಫ್ ತ್ರ್ವಾ. ಇದನ್ನು ಬಿಡಿಸಿ ಹೇಳದೆ ಇವತ್ತಿನ ಫ್ರಾನ್ಸ್ ಅರ್ಥವಾಗುವುದಿಲ್ಲ.

ಒಂದು ಮಸೂದೆ ಅಸೆಂಬ್ಲಿಯಲ್ಲಿ ಪಾಸಾಗುವ ಭರವಸೆ ಇಲ್ಲ ಅಂದುಕೊಳ್ಳಿ. ಪ್ರಧಾನಿ ವೇದಿಕೆಗೆ ಹೋಗಿ, ಈ ಮಸೂದೆಗೆ ನನ್ನ ಸರ್ಕಾರವನ್ನೇ ಪಣಕ್ಕಿಡುತ್ತೇನೆ ಅಂತ ಹೇಳುತ್ತಾರೆ. ಅಲ್ಲಿಗೆ ಚರ್ಚೆ ಬಂದ್. ಮುಂದಿನ 24 ಗಂಟೆಯಲ್ಲಿ ಯಾರೂ ಸಾಂಸ್ಯೂರ್ ಗೊತ್ತುವಳಿ ಮಂಡಿಸದಿದ್ದರೆ ಮಸೂದೆ ಪಾಸಾಯಿತು ಅಂತ ಲೆಕ್ಕ. ಮಂಡಿಸಿದರೂ ಅದು ಗೆಲ್ಲದಿದ್ದರೆ ಪಾಸಾಯಿತು ಅಂತಲೇ ಲೆಕ್ಕ. ಮಸೂದೆಯ ಮೇಲೆ ಮಾತ್ರ ಮತ ನಡೆಯುವುದೇ ಇಲ್ಲ. ಅಂದರೆ ಸದಸ್ಯರಿಗೆ ಉಳಿಯುವ ಆಯ್ಕೆ ಎರಡು: ಸರ್ಕಾರ ಬೀಳಿಸಿ, ಇಲ್ಲಾ ಸುಮ್ನೆ ಕೂತು ಕಾನೂನು ಆಗಲು ಬಿಡಿ.

ಎಡಪಂಥದ ಮಿಶೆಲ್ ರೊಕಾರ್ 1988ರಿಂದ 1991ರ ನಡುವೆ ಇದನ್ನು 28 ಸಲ ಬಳಸಿದರು. ಆಗ ಇಷ್ಟು ಸಿಟ್ಟು ಇರಲಿಲ್ಲ. 2008ರ ತಿದ್ದುಪಡಿ ಇದಕ್ಕೆ ಮಿತಿ ಹಾಕಿತು. ಬಜೆಟ್ ಮತ್ತು ಸಾಮಾಜಿಕ ಭದ್ರತೆಯ ಹಣಕಾಸು ಮಸೂದೆಗಳಿಗೆ ಎಷ್ಟು ಸಲ ಬೇಕಾದರೂ ಬಳಸಬಹುದು, ಉಳಿದಂತೆ ಒಂದು ಅಧಿವೇಶನಕ್ಕೆ ಒಂದೇ ಮಸೂದೆ.

ಈ ನಂಬರನ್ನು ಮನೆಮಾತು ಮಾಡಿದ್ದು 2023ರ ಪಿಂಚಣಿ ಕಾನೂನು. ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವುದು ಮ್ಯಾಕ್ರಾನ್ ಅವರ ಹಟ. ಜನವರಿ 19ರಂದು ಎಂಟು ದೊಡ್ಡ ಕಾರ್ಮಿಕ ಸಂಘಟನೆಗಳು ಒಟ್ಟಾಗಿ ಬೀದಿಗಿಳಿದವು. ಇಲ್ಲಿ ಇನ್ನೊಂದು ವಿಷಯ ತಿಳಿದುಕೊಳ್ಳಬೇಕು. ಫ್ರಾನ್ಸ್‌ನಲ್ಲಿ ಸಂಘಟನೆಗಳ ಸದಸ್ಯತ್ವ ಜಾಸ್ತಿ ಅಂತ ನಾವು ಅಂದುಕೊಂಡಿರುತ್ತೇವೆ. ನಿಜದಲ್ಲಿ ನೌಕರರಲ್ಲಿ ಹತ್ತಕ್ಕೆ ಒಬ್ಬರ ಆಸುಪಾಸು ಮಾತ್ರ ಸದಸ್ಯರು. ಅವರ ಬಲ ಸದಸ್ಯತ್ವದ ಪುಸ್ತಕದಲ್ಲಿಲ್ಲ, ಮಾನಿಫ್‌ನಲ್ಲಿದೆ, ಅಂದರೆ ಮೆರವಣಿಗೆಯಲ್ಲಿ. ಪ್ರತಿ ಮಾನಿಫ್ ಆದ ಸಂಜೆ ಎರಡು ಲೆಕ್ಕ ಹೊರಬರುತ್ತವೆ, ಒಂದು ಸರ್ಕಾರದ್ದು, ಒಂದು ಸಂಘಟನೆಗಳದ್ದು. 2023ರ ಮಾರ್ಚ್ 7ರಂದು ದೇಶಾದ್ಯಂತ 12.8 ಲಕ್ಷ ಜನ ಸೇರಿದ್ದರು ಅಂತ ಒಳಾಡಳಿತ ಇಲಾಖೆ ಹೇಳಿತು. 35 ಲಕ್ಷ ಅಂತ ಸೆಜೆತೆ ಸಂಘಟನೆ ಹೇಳಿತು. ಪತ್ರಿಕೆಗಳು ಎರಡನ್ನೂ ಅಕ್ಕಪಕ್ಕ ಹಾಕುತ್ತವೆ. ಚಿಕ್ಕ ಲೆಕ್ಕವನ್ನೇ ತಗೊಂಡರೂ ಅದು ದೊಡ್ಡ ಸಂಖ್ಯೆ.

ಮಾರ್ಚ್ 16ರಂದು ಪ್ರಧಾನಿ ಎಲಿಜಬೆತ್ ಬೋರ್ನ್ ವೇದಿಕೆಗೆ ಬಂದಾಗ ಎಡಪಂಥದ ಸದಸ್ಯರು ಎದ್ದು ನಿಂತು ರಾಷ್ಟ್ರಗೀತೆ ಹಾಡತೊಡಗಿದರು. '64 ವರ್ಷ ಬೇಡ' ಅಂತ ಬರೆದ ಹಾಳೆಗಳನ್ನು ಎತ್ತಿ ಹಿಡಿದರು. ಆ ಗದ್ದಲದ ನಡುವೆಯೇ ಬೋರ್ನ್ ಧ್ವನಿ ಏರಿಸಿ 49.3 ಘೋಷಿಸಿದರು. ಐದನೇ ಗಣರಾಜ್ಯದಲ್ಲಿ ಅದು 100ನೇ ಸಲ. ಮಾರ್ಚ್ 20ರ ಸಾಂಸ್ಯೂರ್ ಮತದಲ್ಲಿ 278 ಮತ ಬಿತ್ತು. ಆಗ ಕೆಲವು ಸೀಟು ಖಾಲಿ ಇದ್ದದ್ದರಿಂದ ಬೇಕಾಗಿದ್ದದ್ದು 287. ಒಂಬತ್ತು ಮತ ಸಾಲಲಿಲ್ಲ. ಕೋಟಿಗಟ್ಟಲೆ ಜನರ ದುಡಿಮೆಯ ವರ್ಷಗಳನ್ನು ಹೆಚ್ಚಿಸಿದ ಕಾನೂನು, ಕೆಳಮನೆಯಲ್ಲಿ ಒಂದೂ ಕೊನೆಯ ಮತ ಕಾಣದೆ ಹಾಗೆ ಪಾಸಾಯಿತು. ಏಪ್ರಿಲ್ 14ರಂದು ಸಂವಿಧಾನ ಮಂಡಳಿ ಅದರ ಮುಖ್ಯ ಭಾಗವನ್ನು ಒಪ್ಪಿತು. ಅದೇ ರಾತ್ರಿ ಕಾನೂನು ಅಧಿಕೃತವಾಗಿ ಪ್ರಕಟವಾಯಿತು.

ಕಾನೂನಿನ ಪ್ರಕಾರ ಎಲ್ಲವೂ ಸರಿ ಇತ್ತು. ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ಸರಿ ಇದ್ದದ್ದರಿಂದಲೇ ಗಾಯ ಆಳವಾಯಿತು ಅಂತ ನನಗನ್ನಿಸುತ್ತದೆ. ನಿಯಮ ಮುರಿದಿದ್ದರೆ ಜನ ಕೋರ್ಟಿಗೆ ಹೋಗಬಹುದಿತ್ತು. ಇಲ್ಲಿ ನಿಯಮವೇ ಅವರ ವಿರುದ್ಧ ಇತ್ತು.

ಆ ವಸಂತದಲ್ಲಿ ಜನ ಪಾತ್ರೆ ಬಡಿಯತೊಡಗಿದರು. ಮ್ಯಾಕ್ರಾನ್ ಎಲ್ಲಿ ಹೋದರೂ ಬಾಣಲೆ, ಸೌಟು ಹಿಡಿದವರು ಸಿಗುತ್ತಿದ್ದರು. ಇದಕ್ಕೆ ಕಾಸೆರೊಲಾದ್ ಅಂತ ಹೆಸರು. ಏಪ್ರಿಲ್ 20ರಂದು ಅವರು ದಕ್ಷಿಣದ ಎರೊ ಜಿಲ್ಲೆಯ ಗಾಂಜ್ ಎಂಬ ಪುಟ್ಟ ಪಟ್ಟಣಕ್ಕೆ ಹೋದಾಗ, ಕೈಯಲ್ಲಿ ಹಿಡಿದು ಒಯ್ಯುವ ಸದ್ದಿನ ಸಾಧನಗಳನ್ನು ನಿಷೇಧಿಸಿ ಅಲ್ಲಿನ ಪ್ರೆಫೆಯ ಆದೇಶ ಬಂತು. ಸ್ಥಳದಲ್ಲಿದ್ದ ಜನರ ಪಾತ್ರೆಗಳನ್ನೂ ತೆಗೆದಿಟ್ಟರು ಅಂತ ವರದಿಯಾಯಿತು.

ಪ್ರೆಫೆ ಯಾರು? ನೆಪೋಲಿಯನ್ 1800ರಲ್ಲಿ ಮಾಡಿದ ಹುದ್ದೆ ಅದು. ನಮ್ಮ ಜಿಲ್ಲಾಧಿಕಾರಿ ಥರ ಅಂದರೆ ಬೇಗ ಅರ್ಥವಾಗುತ್ತದೆ. ಫ್ರಾನ್ಸ್‌ನಲ್ಲಿ 101 ಜಿಲ್ಲೆಗಳಿವೆ, ಅವನ್ನು ದೆಪಾರ್ತಮಾಂ ಅನ್ನುತ್ತಾರೆ. ಪ್ರತಿಯೊಂದರಲ್ಲೂ ಪ್ಯಾರಿಸ್‌ನ ಪ್ರತಿನಿಧಿಯಾಗಿ ಪ್ರೆಫೆ ಇರುತ್ತಾರೆ. ಪೊಲೀಸ್ ಬಂದೋಬಸ್ತ್, ಮೆರವಣಿಗೆಗಳ ಉಸ್ತುವಾರಿ, ವಿದೇಶಿಯರ ವಾಸದ ಪರವಾನಗಿ, ಎಲ್ಲ ಅವರ ಕಚೇರಿಯಲ್ಲೇ. ಅಲ್ಲಿ ಓದುವ, ಕೆಲಸ ಮಾಡುವ ನಮ್ಮ ಹುಡುಗರು ಫ್ರಾನ್ಸ್ ಸರ್ಕಾರವನ್ನು ಮುಖಾಮುಖಿ ಕಾಣುವುದು ಹೆಚ್ಚಾಗಿ ಪ್ರೆಫೆಕ್ತ್ಯೂರ್‌ನ ಸರದಿಯಲ್ಲಿ. ಅಸೆಂಬ್ಲಿಯಲ್ಲಿ ಸರ್ಕಾರ ಬಿದ್ದ ದಿನವೂ ಆ ಕಚೇರಿ ತೆರೆದಿರುತ್ತದೆ. ವರ್ಷಕ್ಕೆರಡು ಸರ್ಕಾರ ಬಿದ್ದರೂ ಫ್ರಾನ್ಸ್ ನಿಲ್ಲದಿರಲು ಇದೊಂದು ಮುಖ್ಯ ಕಾರಣ.

ಮೂರು ಹೋಳಾದ ಸದನ

2024ರ ಜೂನ್ 9ರಂದು ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ತೀವ್ರ ಬಲಪಂಥದ ರಾಸಾಂಬ್ಲಮಾಂ ನ್ಯಾಸಿಯೊನಾಲ್ ಪಕ್ಷ 31 ಶೇಕಡಾ ಮತ ಪಡೆಯಿತು. ಅದೇ ರಾತ್ರಿ ಮ್ಯಾಕ್ರಾನ್ ಟಿವಿಯಲ್ಲಿ ಬಂದು ಅಸೆಂಬ್ಲಿಯನ್ನು ವಿಸರ್ಜಿಸಿದರು. ಇದೇ ದಿಸೊಲ್ಯುಸಿಯೊಂ, 12ನೇ ವಿಧಿ. ಪ್ರಧಾನಿಯ ಒಪ್ಪಿಗೆ ಇದಕ್ಕೆ ಬೇಕಿಲ್ಲ, ಸಲಹೆ ಕೇಳಿದರೆ ಸಾಕು. ಮುಖ್ಯ ಷರತ್ತು, ಹಾಗೆ ವಿಸರ್ಜಿಸಿ ಚುನಾವಣೆ ಆದ ಮೇಲೆ ಒಂದು ವರ್ಷ ಮತ್ತೆ ವಿಸರ್ಜಿಸುವಂತಿಲ್ಲ.

ಚುನಾವಣೆ ಎರಡು ಸುತ್ತಿನದು. ಮೊದಲ ಸುತ್ತಿನಲ್ಲಿ ಯಾರೂ ಗೆಲ್ಲದ ಕ್ಷೇತ್ರದಲ್ಲಿ ಮೊದಲ ಇಬ್ಬರು ಎರಡನೇ ಸುತ್ತಿಗೆ ಹೋಗುತ್ತಾರೆ. ನೋಂದಾಯಿತ ಮತದಾರರ ಕನಿಷ್ಠ 12.5 ಶೇಕಡಾದಷ್ಟು ಮತ ಪಡೆದ ಮೂರನೆಯವರೂ ಹೋಗಬಹುದು. ಮೂವರು ಉಳಿದರೆ ಅದು ತ್ರಿಯಾಂಗ್ಯುಲೇರ್, ತ್ರಿಕೋನ ಸ್ಪರ್ಧೆ. ಜೂನ್ 30ರ ಮೊದಲ ಸುತ್ತು ಮುಗಿದಾಗ 300ಕ್ಕೂ ಹೆಚ್ಚು ಕಡೆ ಹಾಗಾಗುವ ಸ್ಥಿತಿ ಇತ್ತು. ಆಗ ಹಳೆಯ ರೂಢಿಯೊಂದು ಎದ್ದು ನಿಂತಿತು. ಅದರ ಹೆಸರು ಫ್ರೊಂ ರೆಪ್ಯುಬ್ಲಿಕೆಂ: ತೀವ್ರ ಬಲಪಂಥ ಗೆಲ್ಲುವ ಹಾಗಿದ್ದರೆ ಮೂರನೇ ಸ್ಥಾನದಲ್ಲಿರುವವರು ಕಣದಿಂದ ಹಿಂದೆ ಸರಿಯುವುದು. 200ಕ್ಕೂ ಹೆಚ್ಚು ಅಭ್ಯರ್ಥಿಗಳು ಹಿಂದೆ ಸರಿದರು. ಕಮ್ಯುನಿಸ್ಟರು ಮ್ಯಾಕ್ರಾನ್ ಕಡೆಯವರಿಗೆ, ಮ್ಯಾಕ್ರಾನ್ ಕಡೆಯವರು ಸಮಾಜವಾದಿಗಳಿಗೆ ದಾರಿ ಬಿಟ್ಟರು. (ಬೆಂಗಳೂರಿನಲ್ಲಿರುವ ಫ್ರೆಂಚ್ ಪ್ರಜೆಗಳು, ಪುದುಚೇರಿಯ ಫ್ರೆಂಚ್ ಪೌರತ್ವದ ತಮಿಳು ಕುಟುಂಬಗಳೂ ಈ ಚುನಾವಣೆಯಲ್ಲಿ ಮತದಾರರು. ವಿದೇಶದಲ್ಲಿರುವ ಫ್ರೆಂಚರಿಗೆ ಅಸೆಂಬ್ಲಿಯಲ್ಲಿ 11 ಸೀಟುಗಳಿವೆ. ಭಾರತ ಬರುವುದು ಹನ್ನೊಂದನೇ ಕ್ಷೇತ್ರದಲ್ಲಿ.)

ಜುಲೈ 7ರ ರಾತ್ರಿ ಬಂದ ಫಲಿತಾಂಶ ಹೀಗಿತ್ತು: ಎಡ ಒಕ್ಕೂಟ 180ರ ಆಸುಪಾಸು, ಮ್ಯಾಕ್ರಾನ್ ಬಣ 160ರ ಆಸುಪಾಸು, ರಾಸಾಂಬ್ಲಮಾಂ ಮತ್ತು ಮಿತ್ರರು 140ರ ಆಸುಪಾಸು. 289ರ ಹತ್ತಿರ ಯಾರೂ ಇಲ್ಲ. ಫ್ರೊಂ ರೆಪ್ಯುಬ್ಲಿಕೆಂ ಕೂಡ 'ಬೇಡ' ಅನ್ನುವ ಒಕ್ಕೂಟವೇ ಆಗಿತ್ತು. ಯಾರು ಬೇಡ ಅಂತ ಅದು ಹೇಳಿತು, ಯಾರು ಬೇಕು ಅಂತ ಹೇಳಲಿಲ್ಲ.

ಮುಂದೆ ಆದದ್ದು ವಿಚಿತ್ರ. ಪ್ರಧಾನಿ ಗಾಬ್ರಿಯೆಲ್ ಅತಾಲ್ ಅವರ ರಾಜೀನಾಮೆ ಜುಲೈ 16ರಂದು ಅಂಗೀಕಾರವಾಯಿತು, ಆದರೆ ಸೆಪ್ಟೆಂಬರ್ 5ರವರೆಗೆ ಅವರೇ ಮುಂದುವರಿದರು. ಇಂಥ ಉಸ್ತುವಾರಿ ಸರ್ಕಾರದ ಕೆಲಸಕ್ಕೆ ಆಫೇರ್ ಕುರಾಂತ್, ಅಂದರೆ ದಿನನಿತ್ಯದ ವ್ಯವಹಾರ ಅಂತ ಹೆಸರು. ಹೊಸ ನೀತಿ ಮಾಡುವಂತಿಲ್ಲ. ಪ್ಯಾರಿಸ್ ಒಲಿಂಪಿಕ್ಸ್ ಇಡೀ ನಡೆದದ್ದು ರಾಜೀನಾಮೆ ಕೊಟ್ಟ ಸರ್ಕಾರದ ಕೈಕೆಳಗೆ. ಆ ನಡುವೆ ಎಡ ಒಕ್ಕೂಟ ಲ್ಯುಸಿ ಕಾಸ್ತೆ ಎಂಬ ಅಧಿಕಾರಿಯ ಹೆಸರನ್ನು ಪ್ರಧಾನಿ ಹುದ್ದೆಗೆ ಕೊಟ್ಟಿತ್ತು. ಮ್ಯಾಕ್ರಾನ್ ಒಪ್ಪಲಿಲ್ಲ. ಅವರನ್ನು ನೇಮಿಸಿದರೆ ಅಸೆಂಬ್ಲಿ ತಕ್ಷಣ ಬೀಳಿಸುತ್ತದೆ ಅನ್ನುವುದು ಕೊಟ್ಟ ಕಾರಣ. ಬದಲಿಗೆ, 50ಕ್ಕಿಂತ ಕಡಿಮೆ ಸೀಟಿದ್ದ ಸಾಂಪ್ರದಾಯಿಕ ಬಲಪಂಥದ ಬಾರ್ನಿಯೆ ಅವರನ್ನು ನೇಮಿಸಿದರು. ಬೀಳುವುದಿಲ್ಲ ಅನ್ನುವುದೇ ಅವರ ಅರ್ಹತೆ.

ಅವರು ಮೂರು ತಿಂಗಳಲ್ಲಿ ಬಿದ್ದರು. ಸಾಮಾಜಿಕ ಭದ್ರತೆ ಮಸೂದೆಗೆ 49.3 ಬಳಸಿದರು. ಡಿಸೆಂಬರ್ 4ರಂದು ಎಡಪಂಥ ಮತ್ತು ತೀವ್ರ ಬಲಪಂಥ ಎರಡೂ ಒಟ್ಟಾಗಿ 331 ಮತ ಹಾಕಿದವು. 62 ವರ್ಷಗಳ ನಂತರ ಸಾಂಸ್ಯೂರ್ ಗೆದ್ದಿತು. ದೆಬ್ರೆ ಕಟ್ಟಿದ ಗೋಡೆ ಒಡೆದದ್ದು ಹೀಗೆ: ಒಟ್ಟಿಗೆ ಸರ್ಕಾರ ಮಾಡಲು ಕನಸಲ್ಲೂ ಒಪ್ಪದ ಎರಡು ಬಣಗಳು ಒಟ್ಟಿಗೆ 'ಬೇಡ' ಅನ್ನಬಲ್ಲವು.

ಬೈರು ಕಥೆ ಬೇರೆ. ಅವರು 2025ರ ಫೆಬ್ರವರಿಯಲ್ಲಿ 49.3 ಬಳಸಿಯೇ ಬಜೆಟ್ ಪಾಸು ಮಾಡಿಸಿಕೊಂಡರು, ಯಾಕೆಂದರೆ ಸಮಾಜವಾದಿಗಳು ಸಾಂಸ್ಯೂರ್‌ಗೆ ಮತ ಹಾಕಲಿಲ್ಲ. ಜುಲೈನಲ್ಲಿ ಮುಂದಿನ ವರ್ಷಕ್ಕೆ ಸುಮಾರು 44 ಶತಕೋಟಿ ಯೂರೋ ಉಳಿತಾಯದ ಯೋಜನೆ ಮುಂದಿಟ್ಟರು. ಈಸ್ಟರ್ ಸೋಮವಾರ, ಮೇ 8, ಈ ಎರಡು ರಜೆ ರದ್ದು ಮಾಡುವುದೂ ಅದರಲ್ಲಿತ್ತು. ಫ್ರಾನ್ಸ್‌ನ ಸಾಲ ದೇಶದ ವರ್ಷದ ಉತ್ಪನ್ನಕ್ಕಿಂತ ಜಾಸ್ತಿ ಇದೆ, 2024ರ ಸರ್ಕಾರಿ ಕೊರತೆ ಆ ಉತ್ಪನ್ನದ 5.8 ಶೇಕಡಾ. ಚಿಂತೆಗೆ ಕಾರಣ ಇತ್ತು. ಆದರೆ ಆಗಸ್ಟ್‌ನಲ್ಲಿ ಫ್ರಾನ್ಸ್ ರಜೆಯಲ್ಲಿರುತ್ತದೆ. ಸೆಪ್ಟೆಂಬರ್ ಮೊದಲ ವಾರ ರಾಂತ್ರೆ, ಅಂದರೆ ವಾಪಸಾತಿ. ಶಾಲೆ, ಕಚೇರಿ, ಹೊಸ ಪುಸ್ತಕಗಳು, ಮುಷ್ಕರಗಳು, ರಾಜಕೀಯ, ಎಲ್ಲ ಆಗಲೇ ಶುರು. ನಮ್ಮಲ್ಲಿ ಜೂನ್ ಬಂದರೆ ಮಳೆ ಮತ್ತು ಶಾಲೆ ಒಟ್ಟಿಗೆ ಬಂದ ಹಾಗೆ. ಆ ಸೆಪ್ಟೆಂಬರ್ 10ಕ್ಕೆ 'ಎಲ್ಲ ಬಂದ್ ಮಾಡೋಣ' ಅಂತ ಕರೆ ಹೊರಟಿತ್ತು. ಬೈರು ಅದಕ್ಕೂ ಮುಂಚೆ, 8ರಂದು, ತಾವಾಗೇ ವಿಶ್ವಾಸಮತ ಕೇಳಿದರು. ಇದು 49ನೇ ವಿಧಿಯ ಮೊದಲ ಕಂಡಿಕೆ, ಇಲ್ಲಿ ಮಾತ್ರ 'ಹೂಂ' ಅನ್ನುವವರು ಬೇಕು. ಪರವಾಗಿ 194, ವಿರುದ್ಧ 364. ಐದನೇ ಗಣರಾಜ್ಯದಲ್ಲಿ ವಿಶ್ವಾಸಮತ ಕೇಳಿ ಸೋತ ಮೊದಲ ಪ್ರಧಾನಿ ಅವರು. ಅವರ ನೀತಿ ನನಗೆ ಒಪ್ಪಿಗೆ ಇಲ್ಲ. ಆದರೆ ನನ್ನ ಜೊತೆ ಎಷ್ಟು ಜನ ಇದ್ದೀರಿ ಅಂತ ನೇರವಾಗಿ ಕೇಳಿದ ಆ ಒಂದು ಕೆಲಸಕ್ಕೆ ನಾನು ಗೌರವ ಕೊಡುತ್ತೇನೆ.

ಲೆಕೊರ್ನ್ಯು ಈ ವ್ಯವಸ್ಥೆಯನ್ನು ಚೆನ್ನಾಗಿ ಓದಿಕೊಂಡವರು. ಅವರು ಬೆಂಬಲ ಕೇಳಲಿಲ್ಲ, ಬೀಳಿಸಬೇಡಿ ಅಂತ ಕೇಳಿದರು. ಬಜೆಟ್‌ಗೆ 49.3 ಬಳಸುವುದಿಲ್ಲ ಅಂತ ಮಾತು ಕೊಟ್ಟರು. ಅಕ್ಟೋಬರ್ 14ರಂದು 2023ರ ಪಿಂಚಣಿ ಕಾನೂನನ್ನೇ ತಡೆಹಿಡಿಯುವುದಾಗಿ ಘೋಷಿಸಿದರು. ಎರಡು ದಿನದ ಮೇಲೆ ನಡೆದ ಸಾಂಸ್ಯೂರ್‌ನಲ್ಲಿ 271 ಮತ, 18 ಕಡಿಮೆ. ಸಮಾಜವಾದಿಗಳು ಸೀಟಿನಿಂದ ಏಳದೇ ಇದ್ದದ್ದು ಅವರನ್ನು ಉಳಿಸಿತು. ಪತ್ರಿಕೆಗಳಲ್ಲಿ ಈಗ 'ನೊಂ-ಸಾಂಸ್ಯೂರ್' ಒಪ್ಪಂದ ಅಂತ ಓದುತ್ತೇವೆ. ಮೈತ್ರಿ ಸರ್ಕಾರ ಇಲ್ಲ, ಹೊರಗಿನ ಬೆಂಬಲವೂ ಇಲ್ಲ. ಬೀಳಿಸುವುದಿಲ್ಲ ಅನ್ನುವ ಮಾತಷ್ಟೇ. ಡಿಸೆಂಬರ್‌ನಲ್ಲಿ ಪಿಂಚಣಿಯ ತಡೆ ಇದ್ದ ಮಸೂದೆ 49.3 ಇಲ್ಲದೆ, ನಿಜವಾದ ಮತದಲ್ಲಿ, 247–232ರಲ್ಲಿ ಪಾಸಾಯಿತು. ಸದಸ್ಯರು ಕೂತು ಸಾಲು ಸಾಲಾಗಿ ಚರ್ಚೆ ಮಾಡಿ ಪಾಸು ಮಾಡಿದ ಮಸೂದೆ ಅದು. ಆದರೆ ಮುಖ್ಯ ಬಜೆಟ್ ಸಿಕ್ಕಿಕೊಂಡಿತು. 2026ರ ಜನವರಿಯಲ್ಲಿ ಲೆಕೊರ್ನ್ಯು ಕೊಟ್ಟ ಮಾತು ಬಿಟ್ಟು 49.3 ಬಳಸಿಯೇ ಅದನ್ನು ದಾಟಿಸಿದರು.

ಕೊಆಬಿತಾಸಿಯೊಂ ಅನ್ನುವ ಪದವನ್ನು ಈ ಪರಿಸ್ಥಿತಿಗೆ ಕೆಲವರು ಬಳಸುತ್ತಾರೆ. ಅದು ತಪ್ಪು. ಅಧ್ಯಕ್ಷ ಒಂದು ಬಣ, ಅಸೆಂಬ್ಲಿಯಲ್ಲಿ ಗಟ್ಟಿ ಬಹುಮತ ಇರುವ ಪ್ರಧಾನಿ ಇನ್ನೊಂದು ಬಣ ಆದಾಗ ಮಾತ್ರ ಆ ಹೆಸರು. ಮೂರು ಸಲ ಹಾಗಾಗಿದೆ (ಮೊದಲ ಹೆಸರು ಅಧ್ಯಕ್ಷರದ್ದು, ಎರಡನೆಯದು ಪ್ರಧಾನಿಯದ್ದು): 1986ರಲ್ಲಿ ಮಿತೆರಾಂ–ಶಿರಾಕ್, 1993ರಲ್ಲಿ ಮಿತೆರಾಂ–ಬಲದ್ಯೂರ್, 1997ರಿಂದ 2002ರವರೆಗೆ ಶಿರಾಕ್–ಜೊಸ್ಪೆಂ. ಜಗಳ ಇದ್ದರೂ ಸರ್ಕಾರ ನಡೆಯುತ್ತಿತ್ತು, ಏಕೆಂದರೆ ಒಬ್ಬರ ಹತ್ತಿರವಾದರೂ ಸಂಖ್ಯೆ ಇತ್ತು. ಆ ಜಗಳ ತಪ್ಪಿಸಲೆಂದೇ 2000ದ ಜನಮತಸಂಗ್ರಹದಲ್ಲಿ ಅಧ್ಯಕ್ಷರ ಅವಧಿಯನ್ನು 7ರಿಂದ 5 ವರ್ಷಕ್ಕೆ ಇಳಿಸಿ, ಎರಡೂ ಚುನಾವಣೆಗಳನ್ನು ಅಕ್ಕಪಕ್ಕ ತಂದರು. ಅಧ್ಯಕ್ಷರಾಗಿ ಗೆದ್ದವರಿಗೆ ಅಸೆಂಬ್ಲಿಯೂ ಸಿಗುತ್ತದೆ ಅಂತ ನಂಬಿಕೆ. 2022ರಲ್ಲಿ ಅದು ಮೊದಲು ಮುರಿಯಿತು, 2024ರಲ್ಲಿ ಪೂರ್ತಿ ಮುರಿಯಿತು.

ಇದಕ್ಕೆ ಔಷಧಿ ಏನು ಅಂತ ಅಲ್ಲಿ ದೊಡ್ಡ ಚರ್ಚೆ ಇದೆ. ಮೆಲಾಂಶೊಂ ಅವರ ಎಡಪಂಥ ಆರನೇ ಗಣರಾಜ್ಯ ಬೇಕು ಅನ್ನುತ್ತದೆ. ಬೈರು ಅವರಂಥ ಮಧ್ಯಪಂಥೀಯರು ಮತದ ಪ್ರಮಾಣಕ್ಕೆ ತಕ್ಕಂತೆ ಸೀಟು ಹಂಚುವ ಪದ್ಧತಿ ಬೇಕು ಅನ್ನುತ್ತಾರೆ. 1986ರಲ್ಲಿ ಒಮ್ಮೆ ಅದನ್ನು ಮಾಡಿ ನೋಡಿದ್ದರು, ಆಗ ತೀವ್ರ ಬಲಪಂಥಕ್ಕೆ 35 ಸೀಟು ಸಿಕ್ಕಿತ್ತು. ನನಗೆ ಕಾಣುವ ಮಟ್ಟಿಗೆ, ಇಷ್ಟೆಲ್ಲ ಬದಲಿಸುವ ಮುಂಚೆ ಒಂದು ಸಣ್ಣ ಬದಲಾವಣೆ ಸಾಕಷ್ಟು ಕೆಲಸ ಮಾಡೀತು: ಹೊಸ ಪ್ರಧಾನಿ ಬಂದ ಕೂಡಲೇ ಅಸೆಂಬ್ಲಿಯಲ್ಲಿ ವಿಶ್ವಾಸಮತ ಕಡ್ಡಾಯ. ಆಗ ಪಕ್ಷಗಳು ಮೊದಲೇ ಕೂತು ಮಾತಾಡಲೇಬೇಕಾಗುತ್ತದೆ. ಯಾವ ತೆರಿಗೆ, ಯಾವ ಕಡಿತ, ಯಾರಿಗೆ ಯಾವ ಖಾತೆ ಅಂತ ಬರೆದಿಡಬೇಕಾಗುತ್ತದೆ. ಜರ್ಮನಿಯಲ್ಲಿ ಚಾನ್ಸೆಲರ್ ಆಗಬೇಕಾದರೆ ಸಂಸತ್ತಿನ ಮತ ಗೆಲ್ಲಲೇಬೇಕು, ಹಾಗಾಗಿ ಅಲ್ಲಿ ಮೈತ್ರಿ ಒಪ್ಪಂದಗಳು ಪುಟಗಟ್ಟಲೆ ಇರುತ್ತವೆ. ಫ್ರೆಂಚ್ ಪಕ್ಷಗಳಿಗೆ ಆ ಅಭ್ಯಾಸವೇ ಬೆಳೆಯಲಿಲ್ಲ, ಯಾಕೆಂದರೆ 1958ರಿಂದ ಅವರಿಗೆ ಅದರ ಅಗತ್ಯವೇ ಬೀಳಲಿಲ್ಲ.

ಅಧ್ಯಕ್ಷರ ಚುನಾವಣೆ ಇರುವುದು 2027ರ ವಸಂತದಲ್ಲಿ. ಮ್ಯಾಕ್ರಾನ್ ಸತತ ಎರಡು ಅವಧಿ ಮುಗಿಸುವುದರಿಂದ ನಿಲ್ಲುವಂತಿಲ್ಲ. ಈಗಿನ ಅಸೆಂಬ್ಲಿ ಆಯ್ಕೆಯಾದದ್ದು 2024ರಲ್ಲಿ, ಅದರ ಪೂರ್ತಿ ಅವಧಿ 2029ರವರೆಗೆ. ಅಂದರೆ ಮಧ್ಯೆ ಏನೂ ಬದಲಾಗದಿದ್ದರೆ ಹೊಸ ಅಧ್ಯಕ್ಷರಿಗೆ ಸಿಗುವುದು ಇದೇ ಮೂರು ಹೋಳಿನ ಸದನ. ಮಿತೆರಾಂ 1981ರಲ್ಲೂ 1988ರಲ್ಲೂ ಗೆದ್ದ ಕೂಡಲೇ ಅಸೆಂಬ್ಲಿಯನ್ನು ವಿಸರ್ಜಿಸಿ ಹೊಸ ಚುನಾವಣೆಗೆ ಹೋಗಿದ್ದರು. 2027ರಲ್ಲಿ ಯಾರೇ ಗೆದ್ದರೂ ಮೊದಲ ವಾರದಲ್ಲೇ ಕೈ ಹಾಕುವುದು 12ನೇ ವಿಧಿಗೆ ಅನ್ನುವುದು ನನ್ನ ಅಂದಾಜು.